ದಿವೆ ಘಾಟಿನ ಆಚೆಗೂ ನಡೆಯಿರಿ

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ವಾರಿಯ, ಅಂದರೆ ಪಂಢರಪುರದ ವಿಠಲನ ದರ್ಶನಕ್ಕೆ ನಡೆದು ಹೋಗುವ ಯಾತ್ರೆಯ ಮಾತೇ ಜಾಸ್ತಿ. ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರ ಮಹಾರಾಜರ ಪಾದುಕೆಗಳ ಪಾಲ್ಖಿ (ಪಲ್ಲಕ್ಕಿ) ಹೊರಡುತ್ತದೆ, ಅದರ ಜೊತೆ ನಾಲ್ಕು ದಿನ ನಡೆಯಬೇಕು, ಹೇಗೆ ಅಕ್ಕಾ ಅಂತ ಕೇಳುತ್ತೀರಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ. ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು: ಹುಟ್ಟಿದ್ದು ಧಾರವಾಡದ ಕಡೆ, ಇರುವುದು ಹಡಪ್ಸರದಲ್ಲಿ. ಪಾಲ್ಖಿ ನಮ್ಮ ಮನೆಯ ಹತ್ತಿರದ ರಸ್ತೆಯಲ್ಲೇ ಹಾದು ಹೋಗುತ್ತದೆ. ನರ್ಸ್ ಕೆಲಸದಲ್ಲಿದ್ದಾಗ ರಜೆ ಹಾಕಿ ನಡೆಯುತ್ತಿದ್ದೆ. ಈಗ ನಿವೃತ್ತಿಯಾಗಿದೆ, ರಜೆಯ ಚಿಂತೆ ಇಲ್ಲ.

*ನಾವು ನಾಲ್ವರು ಗೆಳತಿಯರು, ಹಿಂಜವಡಿಯಲ್ಲಿ ಕೆಲಸ. ಪಾಲ್ಖಿ ಬರುವ ದಿನ ದಿವೆ ಘಾಟ್ ಹತ್ತಿ, ಫೋಟೊ ತೆಗೆದುಕೊಂಡು ಸಂಜೆಯೊಳಗೆ ಮನೆ ಸೇರಬೇಕೆಂದಿದ್ದೇವೆ. ಹಸಿರು ಗುಡ್ಡದ ನಡುವೆ ಬಿಳಿ ಟೋಪಿಗಳ ಸಾಲು ನೋಡುವ ಆಸೆ. ಎಷ್ಟು ಗಂಟೆಗೆ, ಎಲ್ಲಿ ನಿಂತರೆ ಒಳ್ಳೆಯದು?* — ಗೆಳತಿಯರು, ವಾಕಡ್

ಮೊದಲು ಕೇಳಿದ್ದಕ್ಕೆ ಉತ್ತರ. ಪುಣೆಯಲ್ಲಿ ಪಾಲ್ಖಿಯ ಮುಕ್ಕಾಂ ಭವಾನಿ ಪೇಠೆಯ ಪಾಲ್ಖಿ ವಿಠೋಬಾ ಗುಡಿಯಲ್ಲಿ. ಅಲ್ಲಿಂದ ನಸುಕಿನಲ್ಲೇ ಹೊರಡುತ್ತದೆ. ತುಕಾರಾಮ ಮಹಾರಾಜರ ಪಾಲ್ಖಿಯೂ ಅದೇ ಹೊತ್ತಿಗೆ ಪುಣೆಯಲ್ಲಿರುತ್ತದೆ, ನಾನಾ ಪೇಠೆಯಲ್ಲಿ. ಹಡಪ್ಸರದಲ್ಲಿ ಎರಡೂ ಬೇರೆಯಾಗುತ್ತವೆ. ಅದು ಸೊಲ್ಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರ್ ಕಡೆ ಹೋಗುತ್ತದೆ, ಇದು ಸಾಸವಡದ ಕಡೆ. ಮಧ್ಯಾಹ್ನದ ಊಟಕ್ಕೆ ವಡಕಿ ನಾಲಾ. ಅದಾದ ಮೇಲೆ ಘಾಟ್. ಹಾಗಾಗಿ ಪಾಲ್ಖಿ ಇಟ್ಟ ಎತ್ತಿನ ರಥ ಘಾಟ್ ಏರುವುದನ್ನು ನೋಡಬೇಕೆಂದರೆ ಮಧ್ಯಾಹ್ನದ ಹೊತ್ತಿಗೆ ಘಾಟಿನಲ್ಲಿರಬೇಕು. ಆ ದಿನ ಘಾಟ್ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ. ಕಾರು ತಂದು ಪೇಚಾಡಬೇಡಿ, ಹಡಪ್ಸರದಿಂದಲೇ ನಡೆಯಿರಿ. ಏರು ಬಂದಾಗ ರಥಕ್ಕೆ ಇನ್ನಷ್ಟು ಜೋಡಿ ಎತ್ತುಗಳನ್ನು ಕಟ್ಟುತ್ತಾರೆ. ಎತ್ತುಗಳ ಕೊರಳ ಗೆಜ್ಜೆ, ಹಿಂದೆ ಮುಂದೆ ತಾಳದ ಸದ್ದು, ಕೆಳಗೆ ಮಸ್ತಾನಿ ಕೆರೆ. ನೋಡಬೇಕಾದದ್ದೇ. ಫೋಟೊಗಾಗಿ ರಸ್ತೆ ಬಿಟ್ಟು ಗುಡ್ಡದ ಮೇಲೆ ಮಾತ್ರ ಹತ್ತಬೇಡಿ. ಮಳೆಗೆ ಮಣ್ಣು ಸಡಿಲವಾಗಿರುತ್ತದೆ. ನಿಮ್ಮ ಕಾಲಿನಿಂದ ಉರುಳಿದ ಕಲ್ಲು ಕೆಳಗೆ ನಡೆಯುವ ಅಜ್ಜಿಯ ತಲೆಗೆ ಬೀಳುತ್ತದೆ.

ಇನ್ನು ನೀವು ಕೇಳದೇ ಇದ್ದದ್ದು. ದಿವೆ ಘಾಟ್ ನೋಡಿ ವಾಪಸ್ ಬರಬೇಡಿ. ಆಚೆಗೂ ನಡೆಯಿರಿ. ಪುಣೆಯ ಜನ ಸಾವಿರಗಟ್ಟಲೆ ಘಾಟಿಗೆ ಬರುತ್ತಾರೆ, ಸಂಜೆಗೆ ಕರಗಿ ಹೋಗುತ್ತಾರೆ. ವಾರಿ ಅಂದರೆ ನಡೆಯುವುದು ಎಷ್ಟೋ, ಮುಕ್ಕಾಂ ಕೂಡ ಅಷ್ಟೇ. ರಾತ್ರಿ ಉಳಿಯದವರಿಗೆ ಅದರ ಅರ್ಧ ಕಾಣುವುದೇ ಇಲ್ಲ. ನಾಲ್ಕೈದು ದಿನ ರಜೆ ಸಿಗುತ್ತದೆಯಾ ನೋಡಿ. ಪುಣೆಯಿಂದ ನೀರಾ ನದಿಯವರೆಗೆ ನಡೆಯಿರಿ. ಸಾಸವಡ, ಜೇಜುರಿ, ವಾಲ್ಹೆ, ನೀರಾ. ಮೊದಲ ಸಲ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ತುಂಡು ಇಡೀ ದಾರಿಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮೊದಲ ದಿನವೇ ಕಷ್ಟದ ದಿನ. ಪುಣೆಯಿಂದ ಸಾಸವಡಕ್ಕೆ ಸುಮಾರು 32 ಕಿಲೋಮೀಟರ್. ಸಾಮಾನ್ಯವಾಗಿ ಅಂದು ಏಕಾದಶಿಯೂ ಆಗಿರುತ್ತದೆ. ದಾರಿಯುದ್ದಕ್ಕೂ ಜನ ಕೈಗೆ ತುರುಕುವುದು ಬಾಳೆಹಣ್ಣು, ಸಾಬುದಾಣೆ ಖಿಚಡಿ, ಶೇಂಗಾ ಚಿಕ್ಕಿ, ರಾಜಗಿರಿ ಲಾಡು. ಕೊಟ್ಟದ್ದನ್ನೆಲ್ಲ ತಿನ್ನುತ್ತಾ ಹೋದರೆ ಹೊಟ್ಟೆ ಕೆಡುತ್ತದೆ. ಬೇಡ ಎನ್ನುವಾಗಲೂ ಕೈಮುಗಿದು ಬೇಡ ಅನ್ನಿ, ಕೊಡುವವರಿಗೆ ಅದು ಸೇವೆ. ಘಾಟ್ ಹತ್ತಿದ ಮೇಲೆ ಎಲ್ಲರೂ ಬಂತು ಅಂದುಕೊಳ್ಳುತ್ತಾರೆ. ಸಾಸವಡ ಇನ್ನೂ ಮುಂದಿದೆ. ಆ ಕೊನೆಯ ಹಾದಿಯಲ್ಲೇ ಕಾಲು ಸೋಲುವುದು.

ಸಾಸವಡದಲ್ಲಿ ಎರಡು ರಾತ್ರಿ ಮುಕ್ಕಾಂ. ಕಾಲಿಗೆ ಅದೇ ಔಷಧಿ. ಅಲ್ಲಿ ಸೋಪಾನದೇವರ ಸಮಾಧಿ ಇದೆ. ಜ್ಞಾನೇಶ್ವರರ ತಮ್ಮ ಅವರು. ಅಣ್ಣನ ಪಾಲ್ಖಿ ಊರಲ್ಲಿರುವಾಗಲೇ ತಮ್ಮನ ಪಾಲ್ಖಿಯೂ ಅಲ್ಲಿಂದ ಪಂಢರಪುರಕ್ಕೆ ಹೊರಡುತ್ತದೆ. ಅದನ್ನು ತಪ್ಪಿಸಬೇಡಿ. ನಂತರ ಜೇಜುರಿ, ಸುಮಾರು 16 ಕಿಲೋಮೀಟರ್. ಖಂಡೋಬನ ಊರು. ಪಾಲ್ಖಿ ಬಂದ ಕೂಡಲೇ ಭಂಡಾರ ಎರಚುತ್ತಾರೆ. ರಸ್ತೆ, ಟೋಪಿ, ಎತ್ತು, ನಿಮ್ಮ ಮೊಬೈಲು, ಎಲ್ಲವೂ ಅರಿಶಿನ. ಮೈಲಾರಲಿಂಗನ ಒಕ್ಕಲಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಲ್ಲಿಂದ ವಾಲ್ಹೆ 12 ಕಿಲೋಮೀಟರ್‌ ಆಸುಪಾಸು, ಹಗುರಾದ ದಿನ. ಕೊನೆಗೆ ನೀರಾ.

ಹಸಿರಿನ ವಿಷಯ ಕೇಳಿದ್ದೀರಿ. ಇದು ಪುರಂದರ ತಾಲೂಕು. ಪಶ್ಚಿಮ ಘಟ್ಟದ ಮಳೆಯೆಲ್ಲ ಆಚೆಯೇ ಸುರಿದು ಮುಗಿದಿರುತ್ತದೆ, ಇಲ್ಲಿಗೆ ಬರುವುದು ಉಳಿದಷ್ಟೇ. ಮಳೆ ಬೇಗ ಬಂದ ವರ್ಷ ಗುಡ್ಡಕ್ಕೆ ಎಳೆ ಹುಲ್ಲು ಬಂದಿರುತ್ತದೆ, ಬೆರಳಿನಷ್ಟು ಉದ್ದ. ತಡವಾದ ವರ್ಷ ಗುಡ್ಡ ಕಂದು ಬಣ್ಣದ್ದೇ. ಆಗ ಬಿಸಿಲಿಗೆ ತಲೆ ಕಾಯುತ್ತದೆ. ಸಾಸವಡ ದಾಟಿದ ಮೇಲೆ ಗುಡ್ಡಗಳು ಹಿಂದೆ ಸರಿದು ದಾರಿಯ ಎರಡೂ ಕಡೆ ಹೊಲ ತೆರೆದುಕೊಳ್ಳುತ್ತದೆ. ಅಂಜೂರದ ತೋಟ, ಸೀತಾಫಲದ ತೋಟ, ಸಜ್ಜೆ ಬಿತ್ತಲು ಹದ ಮಾಡಿಟ್ಟ ನೆಲ. ಜೇಜುರಿಯಿಂದ ವಾಲ್ಹೆಗೆ ಹೋಗುವಾಗ ಮೋಡ ಕವಿದ ಬೆಳಗು ಸಿಕ್ಕರೆ, ಘಾಟಿನ ಗದ್ದಲದಲ್ಲಿ ಸಿಗದ ಹಸಿರು ಅಲ್ಲಿ ಸಿಗುತ್ತದೆ. ಘಾಟಿಗೆ ಬರುವ ಪುಣೆಯವರು ಅಷ್ಟೊತ್ತಿಗೆ ಆಫೀಸಿನಲ್ಲಿರುತ್ತಾರೆ.

*ದಿಂಡಿಗೆ ಸೇರಲೇಬೇಕಾ? ಸುಮ್ನೆ ಪಕ್ಕದಲ್ಲಿ ನಡೆದುಕೊಂಡು ಹೋದರೆ ಆಗುವುದಿಲ್ಲವಾ? ನನಗೆ ಭಜನೆ ಬರುವುದಿಲ್ಲ.* — ಓದುಗರು, ಡೊಂಬಿವಲಿ

ಆಗುತ್ತದೆ, ತಮ್ಮಾ. ಯಾರೂ ತಡೆಯುವುದಿಲ್ಲ. ಬಿಡಿಬಿಡಿಯಾಗಿ ನಡೆಯುವವರು ಬೇಕಾದಷ್ಟು ಜನ ಇರುತ್ತಾರೆ. ಆದರೆ ಸೇರಿ ಅಂತ ನಾನು ಜೋರಾಗಿಯೇ ಹೇಳುತ್ತೇನೆ.

ದಿಂಡಿ ಅಂದರೆ ಭಜನೆ ಹೇಳುತ್ತಾ ಸಾಲಾಗಿ ನಡೆಯುವವರ ತಂಡ. ಬರೀ ಗುಂಪಲ್ಲ, ಅದಕ್ಕೊಂದು ಕಟ್ಟು ಇದೆ. ಮುಂದೆ ಪತಾಕೆ ಹಿಡಿದವರು. ಹಿಂದೆ ಸಾಲಾಗಿ ತಾಳದವರು. ನಡುವೆ ಮೃದಂಗದಂಥ ಪಖವಾಜ್. ಆಮೇಲೆ ವೀಣೆ ಹೊತ್ತವರು. ಅವರ ಹಿಂದೆ ತಲೆಯ ಮೇಲೆ ತುಳಸಿಕಟ್ಟೆ, ನೀರಿನ ಬಿಂದಿಗೆ ಹೊತ್ತ ಹೆಂಗಸರು. ರಥದ ಮುಂದೆ 27 ದಿಂಡಿಗಳು, ಹಿಂದೆ ಇನ್ನೂರಕ್ಕೂ ಮೇಲೆ. ಪ್ರತಿಯೊಂದಕ್ಕೂ ನಂಬರ್ ಇದೆ, ಜಾಗ ಇದೆ. ಈ ಶಿಸ್ತನ್ನು ಕೂಡಿಸಿದವರು ಆರಫಳದ ಹೈಬತರಾವ್ ಬಾಬಾ. ಗ್ವಾಲಿಯರಿನ ಶಿಂಧೆ ಸರ್ಕಾರದ ಚಾಕರಿಯಲ್ಲಿದ್ದವರು, ಸೈನ್ಯದ ಶಿಸ್ತು ಬಲ್ಲವರು. ಹತ್ತೊಂಬತ್ತನೇ ಶತಮಾನದಲ್ಲಿ ಹಾಕಿದ ಆ ಸಾಲು ಇವತ್ತಿಗೂ ಕದಲಿಲ್ಲ.

ನಮ್ಮ ದಿಂಡಿಯಲ್ಲಿ ಬೆಳಿಗ್ಗೆ ಹೊರಡುವ ಮುಂಚೆ ಪಖವಾಜ್ ಬಾರಿಸುವ ಅಣ್ಣ ಏನು ಮಾಡುತ್ತಾರೆ ನೋಡಬೇಕು. ಅಡುಗೆಯವರ ಹತ್ತಿರ ಗೋದಿ ಹಿಟ್ಟು ಕೇಳಿ, ಅಂಗೈಯಲ್ಲೇ ನೀರು ಬೆರೆಸಿ ಕಣಕ ನಾದುತ್ತಾರೆ. ಎಡಮುಖದ ನಡುವೆ ಬಿಲ್ಲೆಯ ಹಾಗೆ ಒತ್ತುತ್ತಾರೆ. ಬೆರಳಿನಿಂದ ಅಂಚು ತಟ್ಟುತ್ತಾರೆ, ಕಿವಿ ಕೊಟ್ಟು ಕೇಳುತ್ತಾರೆ, ಚಿಟಿಕೆಯಷ್ಟು ಕಿತ್ತು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ನಾದ ಕೂತ ಮೇಲೆ ಉಳಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಜೋಳಿಗೆಗೆ. ಮಳೆ ಹನಿ ಬಿತ್ತೋ, ತಮ್ಮ ತಲೆಗಿಂತ ಮುಂಚೆ ಪಖವಾಜಿಗೆ ಪ್ಲಾಸ್ಟಿಕ್. ವೀಣೆಯನ್ನಂತೂ ನೆಲಕ್ಕೆ ಇಡುವುದೇ ಇಲ್ಲ. ಹೊತ್ತವರಿಗೆ ದಣಿವಾದರೆ ಇನ್ನೊಬ್ಬರು ಅವರ ಕಾಲಿಗೆ ನಮಸ್ಕರಿಸಿ ತಾವು ಹೊರುತ್ತಾರೆ. ಪಕ್ಕದಲ್ಲಿ ನಡೆದು ಹೋಗುವವರಿಗೆ ಇದೆಲ್ಲ ಎಲ್ಲಿ ಕಾಣಬೇಕು?

ಭಜನೆ ಬರುವುದಿಲ್ಲ ಎಂಬ ಚಿಂತೆ ಬಿಡಿ. ಅಭಂಗದ, ಅಂದರೆ ಮರಾಠಿ ಸಂತರ ಭಕ್ತಿಪದದ, ಒಂದು ಸಾಲನ್ನು ಮತ್ತೆ ಮತ್ತೆ ಹೇಳುತ್ತಾರೆ. ಎರಡನೇ ಕಿಲೋಮೀಟರಿಗೆ ಬಾಯಿಗೆ ಬಂದಿರುತ್ತದೆ. ಸಾಲಿನಲ್ಲಿ ನಡೆದರೆ ದಣಿವೂ ಕಡಿಮೆ, ಇದನ್ನು ನರ್ಸ್ ಆಗಿಯೇ ಹೇಳುತ್ತಿದ್ದೇನೆ. ಒಬ್ಬರೇ ನಡೆಯುವವರು ಉತ್ಸಾಹದಲ್ಲಿ ಓಡಿ ಮಧ್ಯಾಹ್ನಕ್ಕೆ ಕುಕ್ಕರಿಸುತ್ತಾರೆ. ತಾಳದ ನಡಿಗೆ ಓಡುವುದಕ್ಕೆ ಬಿಡುವುದಿಲ್ಲ.

ಸೇರುವುದು ಹೇಗೆ? ಮೊದಲೇ ಮಾತಾಡಬೇಕು, ಹೊರಡುವ ದಿನ ಅಲ್ಲ. ನಿಮ್ಮ ಕಟ್ಟಡದಲ್ಲಿ, ಆಫೀಸಿನಲ್ಲಿ ಕೇಳಿ ನೋಡಿ, ವಾರಿಗೆ ಹೋಗುವ ಮನೆಯವರು ಒಬ್ಬರಾದರೂ ಸಿಗುತ್ತಾರೆ. ದಿಂಡಿಗೆ ಒಂದಿಷ್ಟು ಹಣ ಕಟ್ಟಬೇಕು. ಊಟ, ತಂಬು, ಚೀಲ ಸಾಗಿಸುವ ಟ್ರಕ್ಕು, ಎಲ್ಲವೂ ಅದರಲ್ಲೇ. ಊಟ ಅಂದರೆ ಭಾಕರಿ, ಪಿಠಲೆ, ಅನ್ನ, ಸಾರು. ಬಡಿಸುವ ಸೌಟು ನಿಮ್ಮ ಕೈಗೂ ಒಂದು ದಿನ ಬರುತ್ತದೆ, ತಪ್ಪಿಸಿಕೊಳ್ಳಬೇಡಿ.

*ಅತ್ತೆಗೆ 66. ಗದಗಿನಿಂದ ಬರುತ್ತಿದ್ದಾರೆ. ವಾರಿ ನಡೆಯಬೇಕೆಂದು ಹಟ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಬೇಡ ಎಂದರೆ ಊಟ ಬಿಡುತ್ತಾರೆ. ಏನು ಮಾಡಲಿ ಅಕ್ಕಾ?* — ಸೊಸೆ, ಚಿಂಚವಾಡ

ಬೇಡ ಅನ್ನಬೇಡ ತಂಗಿ. ದಿನ ಆರಿಸಿ ಕಳುಹಿಸು. ಪುಣೆ–ಸಾಸವಡದ ದಿನ ಅವರಿಗಲ್ಲ. ಸಾಸವಡಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗು. ಸೋಪಾನದೇವರ ದರ್ಶನ ಆಗಲಿ, ರಾತ್ರಿ ಉಳಿಯಲಿ. ಜೇಜುರಿಯ ದಾರಿಯಲ್ಲಿ ಆದಷ್ಟು ನಡೆಯಲಿ, ಸಾಕಾದರೆ ದಿಂಡಿಯ ಗಾಡಿ ಇದೆ. ವಾಲ್ಹೆಯ ದಿನ ಪೂರ್ತಿ ನಡೆಯಬಹುದು. ನೀನೂ ಜೊತೆಗೆ ಹೋಗಬೇಕು, ಅದು ಮುಖ್ಯ.

ಈಗ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು, ಉಪವಾಸ. ದಾರಿಯಲ್ಲಿ ಏಕಾದಶಿ ಬರುತ್ತದೆ. ಮಾತ್ರೆ ನುಂಗಿ ಉಪವಾಸ ಮಾಡಿ ನಡೆದರೆ ಸಕ್ಕರೆ ಇಳಿದುಬಿಡುತ್ತದೆ. ಕೈ ನಡುಕ, ಬೆವರು, ಕಣ್ಣು ಮಂಜು, ಮಾತು ತೊದಲುವುದು, ಇವು ಗುರುತು. ಕೂಡಲೇ ಕೂರಿಸಿ ಸಕ್ಕರೆ ನೀರು ಕೊಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ಡಾಕ್ಟರ್ ಹತ್ತಿರ ಒಯ್ಯಬೇಕು. ನಡೆಯುವ ದಿನಗಳಲ್ಲಿ ಮಾತ್ರೆ ಎಷ್ಟು, ಯಾವಾಗ ಎಂಬುದನ್ನು ಹೊರಡುವ ಮುಂಚೆಯೇ ಅವರ ಡಾಕ್ಟರನ್ನು ಕೇಳಿ ಬರೆದಿಟ್ಟುಕೋ. ದೇವರಿಗೆ ಉಪವಾಸವೇ ಬೇಕಿಲ್ಲ ಅಂತ ನೀನು ಹೇಳಿದರೆ ಅತ್ತೆ ಕೇಳಲಿಕ್ಕಿಲ್ಲ. ದಿಂಡಿಯ ಹಿರಿಯರ ಕೈಯಲ್ಲಿ ಹೇಳಿಸು, ಕೇಳುತ್ತಾರೆ.

ಎರಡು, ಪಾದ. ಸಕ್ಕರೆ ಇರುವವರಿಗೆ ಗಾಯದ ನೋವು ತಿಳಿಯದೇ ಹೋಗಬಹುದು. ರಾತ್ರಿ ಮುಕ್ಕಾಮಿನಲ್ಲಿ ನೀನೇ ಟಾರ್ಚ್ ಹಿಡಿದು ಅವರ ಪಾದ ನೋಡು. ಬೆರಳಿನ ಸಂದು, ಹಿಮ್ಮಡಿ, ಅಂಗಾಲು. ಗುಳ್ಳೆ ಕಂಡರೆ ಒಡೆಯಬೇಡ, ದಾರಿಯಲ್ಲಿ ವೈದ್ಯಕೀಯ ಶಿಬಿರಗಳಿರುತ್ತವೆ, ಅಲ್ಲಿ ತೋರಿಸು. ಬರಿಗಾಲಿನಲ್ಲಿ ನಡೆಯುತ್ತೇನೆ ಎಂದರೆ ಒಪ್ಪಬೇಡ. ಇಲ್ಲಿ ಮಾತ್ರ ಸೊಸೆಯ ಮಾತೇ ನಡೆಯಬೇಕು.

ಉಳಿದ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಬೂಟು ಹಾಕಿಕೊಂಡು ಬರಬೇಡಿ. ಚೆನ್ನಾಗಿ ಹೊಂದಿಕೊಂಡ ಹಳೆಯ ಬೂಟು ಅಥವಾ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಒದ್ದೆ ಸಾಕ್ಸ್ ಕೂಡಲೇ ಬದಲಿಸಿ, ಗುಳ್ಳೆ ಏಳುವುದು ಅದರಿಂದಲೇ. ಸಣ್ಣ ಗುಳ್ಳೆಯನ್ನು ಹಾಗೇ ಬಿಟ್ಟು ಮೇಲೆ ಪಟ್ಟಿ ಹಚ್ಚಿ. ಎದ್ದ ಚರ್ಮವನ್ನು ಕೀಳಲೇಬೇಡಿ, ಒಳಗಿನ ಹಸಿ ಚರ್ಮಕ್ಕೆ ಅದೇ ಹೊದಿಕೆ.

*ನಾವು ಕನ್ನಡದವರು, ಮಾಳೆ ಹಾಕಿದವರಲ್ಲ. ನಮ್ಮನ್ನು ಹೊರಗಿನವರಂತೆ ನೋಡುತ್ತಾರಾ?* — ಓದುಗರು, ವಾಸ್ಕೊ

ಮಾಳೆ, ಅಂದರೆ ವಾರಿ ನಡೆಯುವ ವಾರಕರಿಗಳು ಹಾಕುವ ತುಳಸಿಮಾಲೆ, ಇಲ್ಲದವರೂ ನಡೆಯುತ್ತಾರೆ. ಅಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿ, ಅಂದರೆ ತಾಯಿ. ಪೊಲೀಸಪ್ಪನೂ ಮಾವುಲಿ, ಚಹಾ ಕೊಡುವ ಹುಡುಗನೂ ಮಾವುಲಿ.

ಹೊರಗಿನವರು ಎಂಬ ಮಾತು ನಮಗೆ ಹೇಗೆ ಅನ್ವಯಿಸಬೇಕು? ಪುರಂದರದಾಸರು, ವಿಜಯದಾಸರು ತಮ್ಮ ಪದಗಳಿಗೆಲ್ಲ ವಿಠಲನ ಅಂಕಿತ ಇಟ್ಟವರು. ಇನ್ನೊಂದು ವಿಷಯ ಪುಣೆಯಲ್ಲಿ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಪಾಲ್ಖಿಯ ಮುಂದೆ ಎರಡು ಕುದುರೆಗಳು ನಡೆಯುತ್ತವಲ್ಲ, ಅವು ಬರುವುದು ನಮ್ಮ ಬೆಳಗಾವಿ ಜಿಲ್ಲೆಯಿಂದ. ಚಿಕ್ಕೋಡಿ ಕಡೆಯ ಅಂಕಲಿಯ ಶಿತೋಳೆ ಸರ್ದಾರರ ಮನೆತನದ ಸೇವೆ ಅದು. ಅಂಕಲಿಯಿಂದ ಆಳಂದಿಗೆ ಕುದುರೆಗಳು ನಡೆದೇ ಬರುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ, ಅದು ಜ್ಞಾನೇಶ್ವರರದ್ದು. ರಿಂಗಣದಲ್ಲಿ, ಅಂದರೆ ಜನರ ಸಾಲುಗಳ ನಡುವೆ ಕುದುರೆ ಓಡಿಸುವಾಗ, ಅದು ಓಡಿ ಹೋದ ಮೇಲೆ ಜನ ಅದರ ಗೊರಸಿನ ಕೆಳಗಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಮೊದಲ ರಿಂಗಣ ನೀರಾ ದಾಟಿ, ಲೋಣಂದ ದಾಟಿ, ಚಾಂದೋಬಾಚಾ ಲಿಂಬ್ ಎಂಬಲ್ಲಿ. ರಜೆ ಉಳಿದಿದ್ದರೆ ಅಲ್ಲಿಯವರೆಗೂ ಹೋಗಿ.

ಮರಾಠಿ ಸರಿಯಾಗಿ ಬರದಿದ್ದರೂ ನಡೆಯುತ್ತದೆ. ವಾಸ್ಕೊದಲ್ಲಿರುವ ನಿಮಗೆ ಕೊಂಕಣಿ ಕಿವಿಗೆ ಬಿದ್ದಿರುತ್ತದೆ, ಅದರಿಂದ ಅರ್ಧ ತಿಳಿಯುತ್ತದೆ. ನಮ್ಮ ದಿಂಡಿಯ ಹೆಂಗಸರು ವಿಶ್ರಾಂತಿಯ ಹೊತ್ತಿನಲ್ಲಿ ನನ್ನನ್ನು ಕರೆದು ಕೂರಿಸಿ ದಾಸರ ಪದ ಹೇಳಿಸುತ್ತಾರೆ. ಅರ್ಥ ಕೇಳುವುದಿಲ್ಲ. ವಿಠಲ ಅಂತ ಬಂದಾಗ ಚಪ್ಪಾಳೆ ಜೋರಾಗುತ್ತದೆ.

*ಹೆಂಗಸರಿಗೆ ಸ್ನಾನ, ಶೌಚಕ್ಕೆ ಏನು ವ್ಯವಸ್ಥೆ? ತಿಂಗಳ ದಿನ ಬಂದರೆ ದಿಂಡಿ ಬಿಟ್ಟು ಬರಬೇಕಾ?* — ಹೆಸರು ಬೇಡ, ಕೊಥ್ರೂಡ್

ಒಳ್ಳೆಯ ಪ್ರಶ್ನೆ. ಬಹಳ ಜನ ಇದನ್ನು ಕೇಳಲು ಸಂಕೋಚಪಟ್ಟು ಬರುವುದನ್ನೇ ಬಿಡುತ್ತಾರೆ. ಮುಕ್ಕಾಮುಗಳಲ್ಲಿ ಸಾಲು ಸಾಲು ಮೊಬೈಲ್ ಶೌಚಾಲಯ ಇಟ್ಟಿರುತ್ತಾರೆ. ಸಂಜೆ ಹೊತ್ತಿಗೆ ಕ್ಯೂ ಜಾಸ್ತಿ, ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ ಎದ್ದರೆ ಸಲೀಸು. ಸ್ನಾನವೂ ಆಗಲೇ. ಟ್ಯಾಂಕರ್ ನೀರು, ಸೀರೆ ಕಟ್ಟಿದ ಮರೆ, ತಣ್ಣೀರು. ನಡೆಯುವಾಗ ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೇ ಇರುವ ಹೆಂಗಸರನ್ನು ಪ್ರತಿ ಸಲ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಉರಿಮೂತ್ರ ಶುರುವಾದರೆ ಮುಂದಿನ ನಡಿಗೆ ನರಕ.

ತಿಂಗಳ ದಿನ ಬಂದರೆ ಬಿಟ್ಟು ಬರಬೇಡಿ. ಯಾರೂ ಕೇಳುವುದಿಲ್ಲ, ನೀವು ಹೇಳಲೂ ಬೇಕಿಲ್ಲ. ಇದೇ ವಾರಕರಿ ಪರಂಪರೆಯ ಸೋಯರಾಬಾಯಿ, ಸಂತ ಚೋಖಾಮೇಳರ ಹೆಂಡತಿ, ದೇಹದ ಮೈಲಿಗೆ ಎಂಬುದನ್ನೇ ಪ್ರಶ್ನಿಸಿ ಅಭಂಗ ಹೇಳಿದವರು. ಅದು ಹದಿನಾಲ್ಕನೇ ಶತಮಾನದ ಮಾತು. ನಾವು ಅವರಿಗಿಂತ ಹಿಂದೆ ಹೋಗಬಾರದು. ಬಳಸಿದ ಪ್ಯಾಡ್ ಹಾಕಲು ಕಾಗದದ ಚೀಲ ಇಟ್ಟುಕೊಳ್ಳಿ, ಹೊಲಕ್ಕೆ ಎಸೆಯಬೇಡಿ. ನಾವು ಹೋದ ಮೇಲೂ ರೈತರು ಅದೇ ನೆಲ ಉಳಬೇಕು.

*ಅಷ್ಟು ಜನರಲ್ಲಿ ಕಳೆದುಹೋದರೆ?* — ಓದುಗರು, ನಿಗಡಿ

ನಿಮ್ಮ ದಿಂಡಿಯ ನಂಬರ್ ಮತ್ತು ಅದು ರಥದ ಮುಂದೋ ಹಿಂದೋ ಎಂಬುದು ಬಾಯಿಪಾಠ ಇರಲಿ. ಅಷ್ಟು ಹೇಳಿದರೆ ಯಾವ ವಾರಕರಿಯೂ ದಾರಿ ತೋರಿಸುತ್ತಾರೆ. ಮೊಬೈಲ್ ನಂಬಬೇಡಿ, ಜನ ಜಾಸ್ತಿಯಾದಲ್ಲಿ ಸಿಗ್ನಲ್ ಸಿಗುವುದಿಲ್ಲ. ಮನೆಯವರ ನಂಬರ್ ಕಾಗದದಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿಡಿ.

ಸಂಜೆ ಪಾಲ್ಖಿ ತಂಗುವ ಬಯಲಿನಲ್ಲಿ ಸಮಾಜ ಆರತಿ ನಡೆಯುತ್ತದೆ. ಕಳೆದದ್ದು, ಸಿಕ್ಕಿದ್ದು ಅಲ್ಲೇ ಹೇಳುತ್ತಾರೆ. ಕಳೆದುಹೋಗದಿದ್ದರೂ ಅಲ್ಲಿ ಇರಬೇಕು ನೀವು. ದಿಂಡಿಗಳೆಲ್ಲ ಬಂದು ನಿಂತಿರುತ್ತವೆ, ಸಾವಿರಾರು ತಾಳಗಳು ಒಟ್ಟಿಗೆ ಬಡಿಯುತ್ತಿರುತ್ತವೆ. ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿ ದಂಡ ಮೇಲೆತ್ತುತ್ತಾರೆ. ಆ ಕ್ಷಣವೇ ಎಲ್ಲ ನಿಲ್ಲುತ್ತದೆ. ಆದರೆ ಯಾವುದಾದರೂ ದಿಂಡಿಗೆ ದೂರು ಇದ್ದರೆ, ಅವರು ಮಾತ್ರ ತಾಳ ನಿಲ್ಲಿಸುವುದಿಲ್ಲ. ಆ ಮೌನದಲ್ಲಿ ಅವರದ್ದೊಂದೇ ತಾಳ ಕೇಳುತ್ತಿರುತ್ತದೆ. ಚೋಪದಾರರು ಅವರ ಹತ್ತಿರ ಹೋಗಿ ಏನು ಅಂತ ಕೇಳಬೇಕು. ನೀರಿನ ಟ್ಯಾಂಕರ್ ಬರಲಿಲ್ಲ, ತಂಬಿನ ಜಾಗ ಬೇರೆಯವರು ಹಿಡಿದರು, ಇಂಥವು. ಅದು ತೀರಿದ ಮೇಲೆಯೇ ಆರತಿ. ಇಷ್ಟು ದೊಡ್ಡ ಜನಸಮೂಹದಲ್ಲಿ ಒಂದು ಸಣ್ಣ ಗುಂಪಿನ ದೂರಿಗಾಗಿ ಎಲ್ಲರೂ ಕಾಯುತ್ತಾರೆ. ಹಗಲು ಬಂದು ಹೋಗುವವರಿಗೆ ಇದು ಸಿಗುವುದಿಲ್ಲ, ರಾತ್ರಿ ಉಳಿಯಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

*ಈ ವರ್ಷ ಯಾವ ದಿನ ಹೊರಡುತ್ತದೆ? ನೀರಾದಿಂದ ವಾಪಸ್ ಬರುವುದು ಹೇಗೆ? ಏನೇನು ತರಬೇಕು?* — ಓದುಗರು, ಬಾಣೇರ್

ಪಂಚಾಂಗ ನೋಡಿಕೊಳ್ಳಿ. ಜ್ಯೇಷ್ಠ ಬಹುಳ ಅಷ್ಟಮಿಯಂದು ಆಳಂದಿಯಿಂದ ಹೊರಡುವುದು, ಆಷಾಢ ಶುದ್ಧ ಏಕಾದಶಿಗೆ ಪಂಢರಪುರ. ನಮ್ಮ ಕನ್ನಡ ಪಂಚಾಂಗದ ತಿಂಗಳೂ ಮರಾಠಿಯವರ ತಿಂಗಳೂ ಒಂದೇ, ಗೊಂದಲ ಇಲ್ಲ. ಅಧಿಕ ಮಾಸ ಬಂದ ವರ್ಷ ಇದು ಜುಲೈವರೆಗೂ ಮುಂದೆ ಹೋಗುತ್ತದೆ, ರಜೆ ಹಾಕುವ ಮುಂಚೆ ನೋಡಿ.

ಜೇಜುರಿ, ವಾಲ್ಹೆ, ನೀರಾ, ಲೋಣಂದ, ನಾಲ್ಕೂ ಪುಣೆ–ಮಿರಜ್ ರೈಲು ದಾರಿಯಲ್ಲೇ ಇವೆ. ಎಲ್ಲ ರೈಲೂ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಸಮಯ ಮೊದಲೇ ವಿಚಾರಿಸಿ. ಸಾಸವಡದಿಂದಲೇ ಬಿಡುವವರಿಗೆ ಹಡಪ್ಸರಕ್ಕೆ ಬಸ್ ಇದೆ. ನೀರಾದಲ್ಲಿ ಜ್ಞಾನೇಶ್ವರರ ಪಾದುಕೆಗಳಿಗೆ ನದಿಯಲ್ಲಿ ಸ್ನಾನ ಆಗುತ್ತದೆ, ಆಮೇಲೆ ಪಾಲ್ಖಿ ಸಾತಾರಾ ಜಿಲ್ಲೆಗೆ ದಾಟುತ್ತದೆ. ಸ್ನಾನ ನೋಡಿಕೊಂಡೇ ರೈಲು ಹತ್ತಿ, ಅದಕ್ಕಿಂತ ಮುಂಚಿನ ರೈಲು ಬೇಡ.

ತರಬೇಕಾದದ್ದು ಕಡಿಮೆ. ಎರಡು ಜೊತೆ ಹತ್ತಿ ಬಟ್ಟೆ, ಬೇಗ ಒಣಗುವಂಥವು. ಹೊದಿಕೆ ಒಂದು, ಹಾಸಲು ಪ್ಲಾಸ್ಟಿಕ್ ಹಾಳೆ ಒಂದು. ತಟ್ಟೆ, ಲೋಟ. ಟಾರ್ಚ್. ಓಆರ್‌ಎಸ್ ಪೊಟ್ಟಣ. ಛತ್ರಿ ಬೇಡ, ಸಾಲಿನಲ್ಲಿ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ಹಾಸುವ ಆ ಹಾಳೆಯನ್ನೇ ಹಗಲು ಕೊಪ್ಪೆ ಮಾಡಿ ಹೊದ್ದುಕೊಳ್ಳಿ, ವಾರಕರಿಗಳು ಮಾಡುವುದೂ ಅದನ್ನೇ. ಬಂಗಾರ ಮನೆಯಲ್ಲಿರಲಿ. ಚೀಲ ನಸುಕಿನಲ್ಲೇ ಟ್ರಕ್ಕಿಗೆ ಹೋಗುತ್ತದೆ, ಸಂಜೆಯವರೆಗೆ ಕೈಗೆ ಸಿಗುವುದಿಲ್ಲ. ಹಾಗಾಗಿ ಔಷಧಿ, ನೀರು, ಒಂದು ಜೊತೆ ಒಣ ಸಾಕ್ಸ್ ಹೆಗಲ ಮೇಲಿನ ಸಣ್ಣ ಜೋಳಿಗೆಯಲ್ಲಿರಲಿ. ದೊಡ್ಡ ಚೀಲದ ಮೇಲೆ ನಿಮ್ಮ ಹೆಸರು, ದಿಂಡಿ ನಂಬರ್ ಮರಾಠಿಯಲ್ಲಿ ದಪ್ಪಗೆ ಬರೆಯಿರಿ. ಒಂದೇ ಬಣ್ಣದ ನೂರು ಚೀಲಗಳ ರಾಶಿಯಲ್ಲಿ ಕತ್ತಲೆಯಲ್ಲಿ ಹುಡುಕಬೇಕಾಗುತ್ತದೆ.